ಹಿಮ್ಮಡಿ ನೋವಿಗೆ ಶಾಕ್‌ವೇವ್ ಚಿಕಿತ್ಸೆ: ನಮ್ಮ ಅಡುಗೆಯವರಿಗೆ ಎಷ್ಟು ಪ್ರಯೋಜನ?



ಮದುವೆ ಸೀಸನ್ ಶುರುವಾಯಿತೆಂದರೆ ನಮ್ಮ ಅಡುಗೆಮನೆಗಳಲ್ಲಿ ರಾತ್ರಿ ಎರಡೂವರೆಗೇ ಬೆಳಗಾಗುತ್ತದೆ. ಇಡ್ಲಿ ಹಿಟ್ಟು ಉಬ್ಬಿದೆಯೇ ನೋಡಬೇಕು, ಬೇಳೆ ಒಲೆಗೆ ಏರಬೇಕು, ಕಾಯಿ ತುರಿದಾಗಬೇಕು, ಐದು ಗಂಟೆಗೆ ಟೆಂಪೋ ಮುಲುಂಡಿಗೋ ಡೊಂಬಿವಲಿಗೋ ಹೊರಡಬೇಕು. ಅಂಥ ಒಂದು ದಿನ ನಮ್ಮ ಬಳಗದ ಹಿರಿಯ ಅಡುಗೆ ಭಟ್ಟರೊಬ್ಬರು ಚಾಪೆಯಿಂದ ಎದ್ದವರು ಗೋಡೆ ಹಿಡಿದು, ಹಿಮ್ಮಡಿ ಊರದೆ, ತುದಿಗಾಲಿನಲ್ಲಿ ಒಲೆಯವರೆಗೆ ಹೋದದ್ದನ್ನು ನಾವು ಕಣ್ಣಾರೆ ಕಂಡೆವು. ವಿಚಾರಿಸಿದರೆ, "ಎಂಟು ತಿಂಗಳಾಯಿತು ಮಾರಾಯ್ರೇ, ಹತ್ತು ಹೆಜ್ಜೆ ನಡೆದ ಮೇಲೆ ಸರಿಯಾಗ್ತದೆ" ಎಂದರು. ನಿಜ, ಹತ್ತು ಹೆಜ್ಜೆ ನಡೆದ ಮೇಲೆ ಸರಿಯಾಯಿತು. ಸಂಜೆ ಐನೂರು ಎಲೆಯ ಊಟ ಮುಗಿಯುವ ಹೊತ್ತಿಗೆ ಮತ್ತೆ ಶುರುವಾಯಿತು.

ಈ ಭಟ್ಟರಿಗೆ ಯಾರೋ 'ಶಾಕ್‌ವೇವ್ ಮಾಡಿಸಿಕೊಳ್ಳಿ' ಎಂದು ಸಲಹೆ ಕೊಟ್ಟಿದ್ದರು. ಅವರು ಮೊದಲು ಒಪ್ಪಲಿಲ್ಲ. "ಕಾಲಿಗೆ ಕರೆಂಟ್ ಕೊಡ್ತಾರಂತೆ, ನನಗೆ ಬೇಡವೇ ಬೇಡ" ಎಂದರು. ಆಮೇಲೆ ನೋವು ತಾಳಲಾರದೆ ಉಪನಗರದ ಒಂದು ಕ್ಲಿನಿಕ್ಕಿಗೆ ಹೋಗಿ ಹತ್ತು ಸಿಟ್ಟಿಂಗ್‌ಗೆ ಮುಂಗಡ ಹಣ ಕಟ್ಟಿ ಬಂದರು. ಅಲ್ಲಿ ಕಾಲನ್ನು ಮುಟ್ಟಿ ನೋಡಿದವರಿಲ್ಲ, ದಿನಕ್ಕೆ ಎಷ್ಟು ಗಂಟೆ ನಿಲ್ಲುತ್ತೀರಿ ಎಂದು ಕೇಳಿದವರಿಲ್ಲ. ಐದು ಸಿಟ್ಟಿಂಗ್ ಆಯಿತು, ನೋವು ಇದ್ದಲ್ಲೇ ಇತ್ತು. ಉಳಿದ ಐದನ್ನು ಭಟ್ಟರು ಕೈಬಿಟ್ಟರು, ಹಣ ವಾಪಸು ಬರಲಿಲ್ಲ. ಆ ನಂತರ ನಾವೇ ಅವರನ್ನು ಕರೆದುಕೊಂಡು ಪರಿಚಯದ ಒಬ್ಬ ಫಿಸಿಯೋಥೆರಪಿಸ್ಟ್ ಬಳಿಗೆ ಹೋದೆವು. ಅಲ್ಲಿ ಕೇಳಿ ತಿಳಿದದ್ದು, ಮತ್ತೆ ಓದಿ ಅರ್ಥ ಮಾಡಿಕೊಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಇಂಥ ಕಾಲು, ಇಂಥ ಮೊಣಕೈ ಇಲ್ಲದ ಅಡುಗೆಮನೆ ಮುಂಬಯಿಯಲ್ಲಿ ಒಂದೂ ಸಿಗಲಾರದು ಎಂಬುದೇ ಇದನ್ನು ಬರೆಯಲು ಕಾರಣ.

ಇದು ಕರೆಂಟ್ ಅಲ್ಲ

ಮೊಟ್ಟಮೊದಲು ಹೇಳಬೇಕಾದ ಮಾತು ಇದೇ. ಶಾಕ್‌ವೇವ್ ಎಂಬ ಹೆಸರಿನಲ್ಲಿರುವ 'ಶಾಕ್' ವಿದ್ಯುತ್ತಿನ ಶಾಕ್ ಅಲ್ಲ. ಮೈಗೆ ಕರೆಂಟ್ ಹರಿಯುವುದಿಲ್ಲ. ಇದು ಒತ್ತಡದ ಅಲೆ. ಪಟಾಕಿ ಸಿಡಿದಾಗ ಎದೆಗೆ 'ಧಂ' ಎಂದು ಬಡಿದಂತಾಗುತ್ತದಲ್ಲ, ಆ ಜಾತಿಯದು. ಅದನ್ನು ಹತೋಟಿಯಲ್ಲಿಟ್ಟು ಒಂದು ಸಣ್ಣ ಜಾಗಕ್ಕೆ ಮತ್ತೆ ಮತ್ತೆ ಕೊಡುತ್ತಾರೆ, ಅಷ್ಟೇ.

ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಜರ್ಮನಿಯ ಡಾರ್ನಿಯರ್ ಎಂಬ ವಿಮಾನ ತಯಾರಿಕಾ ಕಂಪನಿಯವರು, ಅತಿವೇಗದ ವಿಮಾನಗಳಿಗೆ ಮಳೆಹನಿ ಬಡಿದಾಗ ಲೋಹಕ್ಕೆ ಏಕೆ ಹಾನಿಯಾಗುತ್ತದೆ ಎಂದು ಹುಡುಕುತ್ತಿದ್ದರು. ಹನಿ ಬಡಿದಾಗ ಹುಟ್ಟುವ ಅಲೆ ವಸ್ತುವಿನ ಒಳಕ್ಕೂ ಸಾಗುತ್ತದೆ ಎಂಬ ತಿಳಿವಳಿಕೆ ಮುಂದೆ ವೈದ್ಯರ ಕೈಗೆ ಬಂತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಡಾ. ಕ್ರಿಶ್ಚಿಯನ್ ಚೌಸ್ಸಿ ಮತ್ತು ಸಂಗಡಿಗರು ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ, ಹೊರಗಿನಿಂದಲೇ ಅಲೆ ಕಳಿಸಿ, ಮೂತ್ರಪಿಂಡದ ಕಲ್ಲನ್ನು ಪುಡಿ ಮಾಡಿದರು. ಒಲೆಯ ಮುಂದೆ ಬೆವರು ಸುರಿಸಿ ನೀರು ಕುಡಿಯಲು ಮರೆಯುವ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ ಈ ಕಲ್ಲು ಒಡೆಸುವ ಚಿಕಿತ್ಸೆಯ ಪರಿಚಯ ಚೆನ್ನಾಗಿಯೇ ಇದೆ. ಶಾಕ್‌ವೇವ್ ಅದರ ತಮ್ಮ ಎಂದು ತಿಳಿದರೆ ಸಾಕು. ಮೂಳೆಯ ಮೇಲೂ ಈ ಅಲೆ ಪರಿಣಾಮ ಬೀರುತ್ತದೆ ಎಂದು ಗೊತ್ತಾದ ಮೇಲೆ ಕೂಡದ ಮೂಳೆಮುರಿತಕ್ಕೆ, ಅಲ್ಲಿಂದ ಭುಜ, ಮೊಣಕೈ, ಹಿಮ್ಮಡಿಯ ಹಳೆಯ ನೋವುಗಳಿಗೆ 1990ರ ದಶಕದಲ್ಲಿ ಬಳಕೆ ಹಬ್ಬಿತು. ಹಿಮ್ಮಡಿ ನೋವಿಗೆ ಈ ಯಂತ್ರ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟದ್ದು 2000ದಲ್ಲಿ.

ಈಗ ಬಳಕೆಯಲ್ಲಿರುವ ಯಂತ್ರಗಳು ಎರಡು ಬಗೆ. 'ಫೋಕಸ್ಡ್' ಎಂಬುದರಲ್ಲಿ ಅಲೆಗಳೆಲ್ಲ ಚರ್ಮದ ಕೆಳಗೆ ಒಂದು ಆಳದಲ್ಲಿ, ಭೂತಗನ್ನಡಿಯಲ್ಲಿ ಬಿಸಿಲು ಸೇರುವಂತೆ, ಒಂದೆಡೆ ಸೇರುತ್ತವೆ. ಫಿಸಿಯೋಥೆರಪಿ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಕಾಣಸಿಗುವುದು 'ರೇಡಿಯಲ್' ಎಂಬ ಇನ್ನೊಂದು ಬಗೆ. ಪಿಸ್ತೂಲಿನಂಥ ಅದರ ಹಿಡಿಯೊಳಗೆ ಒಂದು ಸಣ್ಣ ಲೋಹದ ತುಂಡು ಇರುತ್ತದೆ. ಒತ್ತಿ ತುಂಬಿದ ಗಾಳಿ ಆ ತುಂಡನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಅದು ತುದಿಯ ಲೋಹಕ್ಕೆ ಬಡಿಯುತ್ತದೆ. ಆ ಬಡಿತ ಚರ್ಮದ ಮೂಲಕ ಒಳಕ್ಕೆ ಹರಡುತ್ತದೆ. ಬಲ ಹೆಚ್ಚು ಇರುವುದು ಚರ್ಮದ ಮೇಲೆಯೇ. ಒಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಶಾಸ್ತ್ರ ಪ್ರಕಾರ ಇದು ನಿಜವಾದ ಶಾಕ್‌ವೇವ್ ಅಲ್ಲ, ಒತ್ತಡದ ಅಲೆ ಮಾತ್ರ ಎಂದು ತಿಳಿದವರು ಹೇಳುತ್ತಾರೆ. ಹಿಮ್ಮಡಿ, ಮೊಣಕೈಯಂಥ ಹೆಚ್ಚು ಆಳವಿಲ್ಲದ ಜಾಗಗಳಿಗೆ ಇದು ಸಾಕಾಗುತ್ತದೆ.

ಒಂದು ಸಿಟ್ಟಿಂಗ್‌ನಲ್ಲಿ ಸುಮಾರು 2000 ಬಡಿತ. ಸೆಕೆಂಡಿಗೆ ಹತ್ತರಂತೆ ಲೆಕ್ಕ ಹಾಕಿದರೂ ಮೂರು ನಾಲ್ಕು ನಿಮಿಷದ ಕೆಲಸ. ಜೆಲ್ ಹಚ್ಚಿ, ಬೆರಳಿನಿಂದ ಒತ್ತಿ ನೋವಿನ ನಡುಮಧ್ಯ ಎಲ್ಲಿದೆ ಎಂದು ಕೇಳಿಕೊಂಡು, ಅಲ್ಲಿ ಹಿಡಿಯುತ್ತಾರೆ. ನೋವಾಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ತಡೆಯಲಾಗದಿದ್ದರೆ ಬಾಯಿಬಿಟ್ಟು ಹೇಳಬೇಕು, ಅವರು ಒತ್ತಡ ಇಳಿಸುತ್ತಾರೆ. ಅರಿವಳಿಕೆ ಕೊಡುವ ರೂಢಿ ಇಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ವಾರಕ್ಕೊಂದರಂತೆ ಮೂರರಿಂದ ಐದು ಸಿಟ್ಟಿಂಗ್ ಸಾಮಾನ್ಯ ಪದ್ಧತಿ. ಹತ್ತು, ಹದಿನೈದು ಎಂದು ಮುಂಗಡ ಪ್ಯಾಕೇಜ್ ಮಾರುವವರನ್ನು ಕಂಡರೆ ನಾವು ಎರಡು ಹೆಜ್ಜೆ ಹಿಂದೆ ಸರಿಯುವುದು ಲೇಸು.

ನೋವು ಏಕೆ ಹಳೆಯದಾಗುತ್ತದೆ

ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಇದನ್ನು ಪ್ಲಾಂಟರ್ ಫೇಷಿಯಾ ಎನ್ನುತ್ತಾರೆ. ಕಾಲಿನ ಕಮಾನನ್ನು ಬಿಲ್ಲಿನ ಹೆದೆಯಂತೆ ಹಿಡಿದು ನಿಲ್ಲಿಸುವುದು ಇದೇ. ನಿಂತಷ್ಟೂ ಹೊತ್ತು ಅದರ ಮೇಲೆ ಎಳೆತ ಇರುತ್ತದೆ. ರಾತ್ರಿ ಮಲಗಿದಾಗ ಪಟ್ಟಿ ಬಿಗಿಯುತ್ತದೆ, ಎದ್ದು ಮೊದಲ ಹೆಜ್ಜೆ ಇಟ್ಟಾಗ ಒಮ್ಮೆಲೇ ಎಳೆದು ಸೂಜಿ ಚುಚ್ಚಿದಂತಾಗುತ್ತದೆ. ಭಟ್ಟರ ಹತ್ತು ಹೆಜ್ಜೆಯ ಲೆಕ್ಕ ಇದೇ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ನೋವಿನವರಲ್ಲಿ ಮೂರು ಸಂಗತಿಗಳನ್ನು ಗುರುತಿಸಿತು: ಪಾದ ಮೇಲಕ್ಕೆ ಮಡಚಲು ಬಾರದಷ್ಟು ಬಿಗಿದ ಕಣಕಾಲು, ಹೆಚ್ಚು ಮೈತೂಕ, ದಿನದ ಬಹುಭಾಗ ನಿಂತೇ ಮಾಡುವ ಕೆಲಸ. ಮೂರೂ ನಮ್ಮ ಕಸುಬಿನವರನ್ನು ನೋಡಿಯೇ ಬರೆದಂತಿದೆ.

ಎಕ್ಸ್‌ರೇ ತೆಗೆಸಿದರೆ ಎಷ್ಟೋ ಸಲ ಹಿಮ್ಮಡಿಯಲ್ಲಿ ಮುಳ್ಳಿನಂತೆ ಬೆಳೆದ ಮೂಳೆ ಕಾಣುತ್ತದೆ. 'ಇದೇ ಚುಚ್ಚುವುದು' ಎಂದು ನಮ್ಮವರು ಹೆದರುತ್ತಾರೆ. ನೋವೇ ಇಲ್ಲದ ಅನೇಕರ ಕಾಲಿನಲ್ಲೂ ಆ ಮುಳ್ಳು ಇರುತ್ತದೆ. ಶಾಕ್‌ವೇವ್ ಆ ಮುಳ್ಳನ್ನು ಪುಡಿ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಕಲ್ಲು ಒಡೆಯುವ ಕಥೆಯಿಂದ ಹುಟ್ಟಿಕೊಂಡ ತಪ್ಪು ಕಲ್ಪನೆ ಅದು.

ಇನ್ನೊಂದು ಮಾತು. ತಿಂಗಳುಗಟ್ಟಲೆ ಕಾಡುವ ಇಂಥ ನೋವು ಬಾವು ಎಂದು ಮೊದಲು ತಿಳಿದಿದ್ದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪಟ್ಟಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ 2003ರ ಒಂದು ವರದಿಯಲ್ಲಿ, ಬಾವಿಗಿಂತ ಎಳೆಗಳ ಸವೆತವೇ ಕಂಡುಬಂತು. ಬಾವಿಯ ಹಗ್ಗ ದಿನವೂ ಅದೇ ಜಾಗದಲ್ಲಿ ರಾಟೆಗೆ ಉಜ್ಜಿ ಎಳೆ ಬಿಟ್ಟಂತೆ. ದೇಹ ಅದನ್ನು ರಿಪೇರಿ ಮಾಡಲು ಹೊರಟು ಅರ್ಧಕ್ಕೆ ನಿಲ್ಲಿಸಿಬಿಟ್ಟಿರುತ್ತದೆ. ನೋವಿನ ಮಾತ್ರೆ ನುಂಗಿ ನುಂಗಿ ಸೀಸನ್ ದಾಟುವ ನಮ್ಮ ಹುಡುಗರಿಗೆ ಗುಣ ಕಾಣದಿರಲು ಇದೂ ಒಂದು ಕಾರಣ. ಶಾಕ್‌ವೇವ್ ಮಾಡುವುದು ಈ ನಿಂತುಹೋದ ರಿಪೇರಿಯನ್ನು ಕೆಣಕಿ ಮತ್ತೆ ಶುರು ಮಾಡಿಸುವ ಕೆಲಸ ಎಂದು ವಿವರಿಸುತ್ತಾರೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ಅಲೆ ಕೊಟ್ಟ ಜಾಗದಲ್ಲಿ ಹೊಸ ರಕ್ತನಾಳಗಳು ಮೂಡಿದ್ದು ಕಂಡಿದೆ. ನೋವಿನ ಸುದ್ದಿ ಒಯ್ಯುವ ನರದ ತುದಿಗಳು ಸ್ವಲ್ಪ ಕಾಲ ಮಂಕಾಗುವುದೂ ಉಂಟು. ರಿಪೇರಿ ಎಂದ ಮೇಲೆ ಸಮಯ ಬೇಕು. ಫಲಿತಾಂಶವನ್ನು ನೋಡಬೇಕಾದದ್ದು ಮರುದಿನವಲ್ಲ, ಆರರಿಂದ ಹನ್ನೆರಡು ವಾರಗಳ ನಂತರ.

ನೂರಕ್ಕೆ ಎಷ್ಟು?

ವ್ಯಾಪಾರಸ್ಥರಾದ ನಮಗೆ ಲೆಕ್ಕ ಬೇಕು. ಹಿಮ್ಮಡಿ ನೋವಿನ ಬಗ್ಗೆ 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 245 ಮಂದಿ ಹಳೆಯ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ರೇಡಿಯಲ್ ಅಲೆ, ಇನ್ನೊಂದಕ್ಕೆ ಅದೇ ಥರ ತೋರುವ ಆದರೆ ಅಲೆ ಇಲ್ಲದ ನಾಟಕದ ಚಿಕಿತ್ಸೆ. ಹನ್ನೆರಡು ವಾರಗಳ ನಂತರ ನಿಜವಾದ ಗುಂಪಿನಲ್ಲಿ ನೂರಕ್ಕೆ 61 ಮಂದಿಗೆ ಒಳ್ಳೆಯ ಗುಣ ಕಂಡಿತ್ತು. ನಾಟಕದ ಗುಂಪಿನಲ್ಲಿ ನೂರಕ್ಕೆ 42 ಮಂದಿಗೆ.

ಈ ಎರಡು ಅಂಕೆಗಳನ್ನು ಸಾವಕಾಶವಾಗಿ ನೋಡಬೇಕು. ಚಿಕಿತ್ಸೆಯಿಂದ ಲಾಭ ಇದೆ, ಸಂಶಯವಿಲ್ಲ. ಆದರೆ ಏನೂ ಕೊಡದಿದ್ದರೂ 42 ಮಂದಿ ಸುಧಾರಿಸಿದರು. ಕಾಲ ಕಳೆದಂತೆ ತಾನಾಗಿ ಇಳಿಯುವುದು ಈ ನೋವಿನ ಸ್ವಭಾವ, ನಂಬಿಕೆಯಿಂದಲೂ ಸ್ವಲ್ಪ ಇಳಿಯುತ್ತದೆ. ಯಂತ್ರದ ಸ್ವಂತ ಗಳಿಕೆ ನೂರರಲ್ಲಿ ಹತ್ತೊಂಬತ್ತು ಮಂದಿ. ಇನ್ನು ಯಂತ್ರ ಇಟ್ಟುಕೊಂಡೂ ಗುಣವಾಗದವರು 39 ಮಂದಿ ಉಳಿದರು. 'ನೂರಕ್ಕೆ ತೊಂಬತ್ತು ಗ್ಯಾರಂಟಿ' ಎಂದು ಬೋರ್ಡು ಹಾಕುವವರು ಈ ಅಂಕೆಗಳನ್ನು ಹೇಳುವುದಿಲ್ಲ. ಬ್ರಿಟನ್ನಿನ ಸರಕಾರಿ ಮಾರ್ಗದರ್ಶಕ ಸಂಸ್ಥೆ ನೈಸ್ 2009ರಲ್ಲಿ ಹಿಮ್ಮಡಿ ನೋವಿನ ಶಾಕ್‌ವೇವ್ ಬಗ್ಗೆ, ಸುರಕ್ಷತೆಯಲ್ಲಿ ದೊಡ್ಡ ಆತಂಕವಿಲ್ಲ, ಆದರೆ ಪರಿಣಾಮದ ಪುರಾವೆ ಒಂದೇ ತೆರನಾಗಿಲ್ಲ ಎಂದು ಹೇಳಿತು. ನಮಗೂ ಅದೇ ಸರಿಯೆನಿಸುತ್ತದೆ.

ಮೊಣಕೈ ವಿಷಯ ಇನ್ನೂ ಬೇರೆ. ಮೈಸೂರು ಪಾಕ್, ಹಲ್ವ ಮಗುಚುವವರಿಗೆ, ತಟ್ಟೆಗಳ ಅಟ್ಟಿ ಹಿಡಿಯುವವರಿಗೆ, ತುಂಬಿದ ಬಕೆಟ್ ಹಿಡಿದು ಪಂಕ್ತಿಯಲ್ಲಿ ಸಾಂಬಾರು ಬಡಿಸುವವರಿಗೆ ಮೊಣಕೈಯ ಹೊರಮಗ್ಗುಲಲ್ಲಿ ಬರುವ ನೋವಿಗೆ 'ಟೆನಿಸ್ ಎಲ್ಬೋ' ಎಂಬ ಹೆಸರು. ಟೆನಿಸ್ ಬ್ಯಾಟು ಮುಟ್ಟಿಯೂ ನೋಡದ ನಮ್ಮವರಿಗೆ ಈ ಹೆಸರು ಕೇಳಿದರೆ ನಗು ಬರುತ್ತದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈ ಮೂಳೆಗೆ ಅಂಟಿಕೊಳ್ಳುವ ಜಾಗ ಸವೆಯುವುದೇ ಇದರ ಮೂಲ. ಇದಕ್ಕೂ ಶಾಕ್‌ವೇವ್ ಕೊಡುತ್ತಾರೆ. ಆದರೆ ಸಾವಿರಕ್ಕೂ ಹೆಚ್ಚು ರೋಗಿಗಳ ಒಂಬತ್ತು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ 2005ರ ಕಾಕ್ರೇನ್ ಪರಿಶೀಲನೆಯಲ್ಲಿ ಲಾಭ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎಂದು ಕಂಡಿತು. ಭುಜದ ನೋವಿನ ಬಗ್ಗೆ 2020ರಲ್ಲಿ ಇಂಥದೇ ಪರಿಶೀಲನೆ ಬಂತು, ಅದೂ ಉತ್ಸಾಹ ತೋರಲಿಲ್ಲ. ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣದಂಥ ಗಂಟು ಕಟ್ಟಿದ್ದರೆ ಆ ಗಂಟು ಕರಗಿಸಲು ಫೋಕಸ್ಡ್ ಯಂತ್ರವನ್ನು ಮೂಳೆ ವೈದ್ಯರು ಈಗಲೂ ಬಳಸುತ್ತಾರೆ. ಅದು ಎಕ್ಸ್‌ರೇ ಅಥವಾ ಸೋನೋಗ್ರಫಿ ನೋಡಿ ತೀರ್ಮಾನಿಸುವ ವಿಷಯ.

ಹಾಗಾದರೆ ನಮ್ಮ ಅಭಿಪ್ರಾಯವೇನು? ಹಿಮ್ಮಡಿ ನೋವು ಆರು ತಿಂಗಳು ಮೀರಿದೆ, ವ್ಯಾಯಾಮ ನಿಷ್ಠೆಯಿಂದ ಮಾಡಿ ನೋಡಿದ್ದಾಗಿದೆ, ಆದರೂ ಬಿಟ್ಟಿಲ್ಲ ಎಂದರೆ ಶಾಕ್‌ವೇವ್ ಮಾಡಿಸಿಕೊಳ್ಳುವುದು ಯೋಗ್ಯ. ಎರಡು ವಾರದ ನೋವಿಗೆ ಓಡಿಹೋಗಿ ಹಣ ಸುರಿಯುವುದು ಬೇಡ. ಮೊಣಕೈಗಾದರೆ ವ್ಯಾಯಾಮವನ್ನೇ ಇನ್ನೂ ಗಟ್ಟಿಯಾಗಿ ಹಿಡಿಯುವುದು ಒಳ್ಳೆಯದು.

ಸೀಸನ್ ಮುಂಚಿನ ಇಂಜೆಕ್ಷನ್

ಇಲ್ಲಿ ಮಾಲೀಕರಾದ ನಮ್ಮ ತಪ್ಪನ್ನೂ ಹೇಳಿಬಿಡೋಣ. ಮುಹೂರ್ತಗಳು ಹತ್ತಿರ ಬಂದಾಗ, "ಒಂದು ಇಂಜೆಕ್ಷನ್ ತೆಗೆದುಕೊಂಡು ಬಾ, ಕೆಲಸ ನಡೀಲಿ" ಎಂದು ಅಡುಗೆಯವರನ್ನು ಕಳಿಸುವ ಅಭ್ಯಾಸ ನಮ್ಮಲ್ಲಿದೆ. ಮೊಣಕೈಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಮೊದಲ ಕೆಲವು ವಾರ ಅದ್ಭುತವಾಗಿ ಕೆಲಸ ಮಾಡುತ್ತದೆ. ಆದರೆ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪರಿಶೀಲನೆಯ ಪ್ರಕಾರ, ತಿಂಗಳುಗಳು ಕಳೆದ ಮೇಲೆ ಇಂಜೆಕ್ಷನ್ ತೆಗೆದುಕೊಂಡವರ ಸ್ಥಿತಿ ತೆಗೆದುಕೊಳ್ಳದವರಿಗಿಂತ ಹಿಂದೆ ಬಿದ್ದಿತ್ತು. ನೋವಿಲ್ಲ ಎಂದು ಅದೇ ಕೈಯಲ್ಲಿ ಅದೇ ಭಾರ ಎತ್ತಿದರೆ ಮತ್ತೇನಾದೀತು? ಹಿಮ್ಮಡಿಗೆ ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಅಲ್ಲಿನ ಕೊಬ್ಬಿನ ಮೆತ್ತೆ ಕರಗುವ, ಪಟ್ಟಿ ಹರಿಯುವ ಅಪಾಯವೂ ಇದೆ. ಇಂಜೆಕ್ಷನ್ ಪಡೆದ ಆರು ವಾರದೊಳಗೆ ಅದೇ ಜಾಗಕ್ಕೆ ಶಾಕ್‌ವೇವ್ ಕೊಡುವುದಿಲ್ಲ, ಆದ್ದರಿಂದ ಅದನ್ನು ಮುಚ್ಚಿಡದೆ ಹೇಳಬೇಕು.

ಯಾರಿಗೆ ಬೇಡ

ಗರ್ಭಿಣಿಯರಿಗೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ, ರಕ್ತ ಹೆಪ್ಪುಗಟ್ಟದ ದೋಷ ಇರುವವರಿಗೆ, ಆ ಜಾಗದಲ್ಲಿ ಗಡ್ಡೆ ಅಥವಾ ಸೋಂಕು ಇರುವವರಿಗೆ ಶಾಕ್‌ವೇವ್ ಕೂಡದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ನಮ್ಮ ಹಿರಿಯ ಸದಸ್ಯರು ತಮ್ಮ ಮಾತ್ರೆಗಳ ಚೀಟಿ ತೋರಿಸದೆ ಮುಂದುವರಿಯಬಾರದು. ಪೇಸ್‌ಮೇಕರ್ ಇದ್ದರೆ ಹೃದಯದ ವೈದ್ಯರನ್ನು ಕೇಳಬೇಕು. ಚಿಕಿತ್ಸೆಯಿಂದ ಆಗುವ ತೊಂದರೆ ಸಾಮಾನ್ಯವಾಗಿ ಕೆಂಪಾಗುವುದು, ನೀಲಿಗಟ್ಟುವುದು, ಒಂದೆರಡು ದಿನ ನೋವು ಏರುವುದು ಇಷ್ಟೇ.

ಸಕ್ಕರೆ ಕಾಯಿಲೆಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ನಮ್ಮಲ್ಲಿ ಐವತ್ತು ದಾಟಿದವರಲ್ಲಿ ಸಕ್ಕರೆ ಇಲ್ಲದವರನ್ನು ಹುಡುಕಬೇಕಾಗಿದೆ. ಅಂಗಾಲು ಉರಿಯುವುದು, ಜುಮ್ಮೆನ್ನುವುದು, ಮರಗಟ್ಟುವುದು ಇದ್ದರೆ ಅದು ನರದ ತೊಂದರೆ ಇರಬಹುದು, ಪಟ್ಟಿಯ ತೊಂದರೆ ಅಲ್ಲ. ಸ್ಪರ್ಶ ಕುಂದಿದ ಕಾಲಿಗೆ ಬಡಿತ ಎಷ್ಟು ಜೋರಾಗಿದೆ ಎಂಬುದೇ ತಿಳಿಯುವುದಿಲ್ಲ. ಹಾಗೆಯೇ ಹಿಮ್ಮಡಿಯನ್ನು ಎರಡು ಮಗ್ಗುಲಿಂದ ಹಿಂಡಿದಾಗ ಜೋರಾಗಿ ನೋವಾದರೆ ಮೂಳೆಯಲ್ಲಿ ಬಿರುಕಿದೆಯೇ ನೋಡಿಸಬೇಕು. ಇಪ್ಪತ್ತೈದು ಮೂವತ್ತರ ಹುಡುಗನಿಗೆ ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಗ್ಗೆ ಬೆನ್ನು ಬಹಳ ಹೊತ್ತು ಸೆಟೆದುಕೊಂಡಿರುವುದು ಇದ್ದರೆ ಅದು ಬೇರೆಯೇ ಸಂಧಿವಾತದ ಲಕ್ಷಣವಾಗಿರಬಹುದು. ಅವನಿಗೆ ಬೇಕಾದದ್ದು ರಕ್ತಪರೀಕ್ಷೆ ಮತ್ತು ವೈದ್ಯರು.

ಖರ್ಚಿಲ್ಲದ ಮದ್ದು

ನಮ್ಮ ಭಟ್ಟರಿಗೆ ಎರಡನೆಯ ಸಲ ಸಿಕ್ಕ ಫಿಸಿಯೋಥೆರಪಿಸ್ಟ್ ಮೊದಲ ದಿನ ಯಂತ್ರ ಮುಟ್ಟಲೇ ಇಲ್ಲ. ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು, ಕಾಲು ಮಡಚಿಸಿ ನೋಡಿದರು, ಎರಡು ವ್ಯಾಯಾಮ ಕಲಿಸಿದರು.

ಮೊದಲನೆಯದು ಹಾಸಿಗೆ ಬಿಟ್ಟು ಇಳಿಯುವ ಮುಂಚೆ. ನೋವಿನ ಕಾಲನ್ನು ಇನ್ನೊಂದು ಮೊಣಕಾಲ ಮೇಲೆ ಹಾಕಿ, ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ, ಮೊಣಕಾಲ ಕಡೆಗೆ, ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು. ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿದದ್ದು ಇನ್ನೊಂದು ಕೈಗೆ ತಿಳಿಯಬೇಕು. ಹತ್ತು ಸಲ, ದಿನಕ್ಕೆ ಮೂರು ಬಾರಿ. ಎರಡನೆಯದು ಮೆಟ್ಟಿಲ ಮೇಲೆ. ಮಡಚಿ ಸುತ್ತಿದ ಟವೆಲನ್ನು ಬೆರಳುಗಳ ಕೆಳಗಿಟ್ಟು, ಗೋಡೆ ಹಿಡಿದು, ಒಂದೇ ಕಾಲಿನ ಮೇಲೆ ಮೂರು ಎಣಿಸುತ್ತ ಹಿಮ್ಮಡಿ ಎತ್ತಿ, ಎರಡು ಎಣಿಕೆ ನಿಂತು, ಮೂರು ಎಣಿಸುತ್ತ ಇಳಿಸುವುದು. ದಿನ ಬಿಟ್ಟು ದಿನ. ಡೆನ್ಮಾರ್ಕಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ವಿಧಾನ ಇದು. ಮೂರು ತಿಂಗಳಲ್ಲಿ ಬರೀ ಎಳೆಯುವ ವ್ಯಾಯಾಮಕ್ಕಿಂತ ಇದರಿಂದ ಹೆಚ್ಚು ಗುಣ ಕಂಡಿತು. ವರ್ಷದ ಕೊನೆಗೆ ಮಾತ್ರ ಎರಡೂ ಗುಂಪು ಸರಿಸಮ ಆಗಿದ್ದವು. ಸೀಸನ್ ಲೆಕ್ಕದಲ್ಲಿ ಬದುಕುವ ನಮಗೆ ಆ ಮೊದಲ ಮೂರು ತಿಂಗಳೇ ಮುಖ್ಯ.

ಮೊಣಕೈಯವರು ಮುಂಗೈಯನ್ನು ಮೇಜಿನ ಮೇಲೆ ಊರಿ, ಅಂಗೈ ಕೆಳಮುಖವಾಗಿ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮೇಲೆತ್ತಿ, ನೋವಿನ ಕೈಯಿಂದಲೇ ನಿಧಾನವಾಗಿ ಇಳಿಸುವ ಅಭ್ಯಾಸ ಮಾಡಬಹುದು. ಸ್ವಲ್ಪ ನೋವಾದರೆ ಹೆದರಬೇಕಾಗಿಲ್ಲ. ಮರುದಿನ ನೋವು ಏರಿದ್ದರೆ ಭಾರ ಇಳಿಸಬೇಕು.

ಭಟ್ಟರಿಗೆ ಆರು ವಾರ ಹೀಗೆ ನಡೆದ ಮೇಲೆ ಮೂರು ಸಿಟ್ಟಿಂಗ್ ಶಾಕ್‌ವೇವ್ ಆಯಿತು. ಮೂರು ತಿಂಗಳಿಗೆ ಬೆಳಗಿನ ಗೋಡೆ ಹಿಡಿಯುವುದು ತಪ್ಪಿತು. ವ್ಯಾಯಾಮದಿಂದಲೋ, ಯಂತ್ರದಿಂದಲೋ, ಕಾಲಿನ ಕೆಳಗೆ ಬಂದ ಮೆತ್ತೆಯಿಂದಲೋ ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಭಟ್ಟರು ಮಾತ್ರ ಯಂತ್ರಕ್ಕೇ ಪೂರ್ತಿ ಮಾರ್ಕು ಕೊಡುತ್ತಾರೆ.

ಆ ಮೆತ್ತೆಯ ವಿಷಯ

ಮಡಿಯಲ್ಲಿ ಅಡುಗೆ ಮಾಡುವ ನಮ್ಮ ಹಿರಿಯರು ಒಲೆಯ ಮುಂದೆ ಚಪ್ಪಲಿ ಹಾಕುವುದಿಲ್ಲ. ಬರಿಗಾಲಿನಲ್ಲಿ ಕಡಪ ಕಲ್ಲಿನ ಅಥವಾ ಟೈಲ್ಸ್ ನೆಲದ ಮೇಲೆ ದಿನಕ್ಕೆ ಹನ್ನೆರಡು ಗಂಟೆ. ಹುಡುಗರಾದರೋ ಸವೆದು ಕಾಗದದಂತಾದ ಹವಾಯಿ ಚಪ್ಪಲಿಯಲ್ಲಿ, ಮಳೆಗಾಲದಲ್ಲಿ ಜಾರುವ ನೆಲದ ಮೇಲೆ. ಆಹಾರ ಸುರಕ್ಷತಾ ನಿಯಮಗಳು ಅಡುಗೆಯವರಿಗೆ ಏಪ್ರನ್, ತಲೆಟೋಪಿಗಳ ಜೊತೆಗೆ ಪಾದರಕ್ಷೆ ಒದಗಿಸುವುದನ್ನೂ ಮಾಲೀಕರ ಮೇಲೇ ಹಾಕಿವೆ. ನಾವು ಟೋಪಿಗೆ ಕೊಡುವ ಗಮನವನ್ನು ಕಾಲಿಗೆ ಕೊಟ್ಟಿಲ್ಲ. ಅಡುಗೆಮನೆಯೊಳಗೆ ಮಾತ್ರ ಬಳಸುವ, ತೊಳೆದಿಟ್ಟ, ಹಿಮ್ಮಡಿ ಸ್ವಲ್ಪ ಎತ್ತರವಿರುವ, ಜಾರದ ಚಪ್ಪಲಿಗೆ ಮಡಿಯವರೂ ಒಪ್ಪಿದ್ದನ್ನು ನಾವು ಕಂಡಿದ್ದೇವೆ. ಅದಕ್ಕೂ ಒಪ್ಪದವರಿಗೆ ಒಲೆಯ ಮುಂದೆ ದಪ್ಪ ರಬ್ಬರ್ ಚಾಪೆ ಹಾಸಿದರೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ನಮ್ಮ ಭಟ್ಟರು ನಿಂತದ್ದು ಅಂಥ ಚಾಪೆಯ ಮೇಲೆ. ತರಕಾರಿ ಹೆಚ್ಚುವುದು, ಹೋಳಿಗೆಯ ಉಂಡೆ ಕಟ್ಟುವುದು ಮುಂತಾದ ಕೆಲಸಕ್ಕೆ ಒಂದು ಎತ್ತರದ ಸ್ಟೂಲ್ ಇಟ್ಟರೆ ಕಾಲಿಗೆ ದಿನದಲ್ಲಿ ಎರಡು ಗಂಟೆಯಾದರೂ ಬಿಡುವು ಸಿಗುತ್ತದೆ.

ಮಗುಚುವ ಕೆಲಸವನ್ನು ಇಪ್ಪತ್ತು ನಿಮಿಷಕ್ಕೊಬ್ಬರಂತೆ ಸರದಿ ಮಾಡುವುದು, ಕೊಪ್ಪರಿಗೆಯನ್ನು ಒಬ್ಬನೇ ವಾಲಿಸದೆ ಇಬ್ಬರು ಹಿಡಿಯುವುದು, ಹಾಲ್‌ಗೆ ಸಾಮಾನು ಇಳಿಸುವಾಗ ಟ್ರಾಲಿ ಕೇಳಿ ಪಡೆಯುವುದು ಎಲ್ಲರಿಗೂ ಗೊತ್ತಿರುವ ಮಾತುಗಳೇ. ಕುರ್ಲಾದ ಬಂಟರ ಭವನದಲ್ಲಾಗಲಿ ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲಾಗಲಿ ಸಾವಿರ ಜನರ ಊಟ ಮಾಡಿಸಿದವರಿಗೆ, ಅವಸರದಲ್ಲಿ ಇವೆಲ್ಲ ಹೇಗೆ ಮರೆತುಹೋಗುತ್ತವೆ ಎಂಬುದೂ ಗೊತ್ತು.

ಎಲ್ಲಿ ತೋರಿಸುವುದು

ಮುಂಬಯಿಯವರಾದ ನಾವು ಈ ವಿಷಯದಲ್ಲಿ ಅದೃಷ್ಟವಂತರು. ಪೋಲಿಯೋ ಹಾವಳಿಯಿದ್ದ 1950ರ ದಶಕದ ಆರಂಭದಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾದದ್ದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ. ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ 1955ರಿಂದ ಇದೆ. ಕೆಇಎಂ, ನಾಯರ್, ಸಯನ್ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಗಳಲ್ಲಿ ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಮಾಡಿ ವ್ಯಾಯಾಮ ಕಲಿಸುತ್ತಾರೆ. ಸಾಲು ಉದ್ದ, ಒಂದು ಬೆಳಗ್ಗೆ ಹೋಗುತ್ತದೆ. ಆ ಒಂದು ಬೆಳಗಿನ ರಜೆಯನ್ನು ಸಂಬಳ ಕಡಿಯದೆ ಕೊಡುವುದು ನಮ್ಮಿಂದ ಆಗಬೇಕಾದ ಕೆಲಸ. ಇಎಸ್‌ಐ ಕಂತು ಕಟ್ಟುತ್ತಿರುವ ಸಂಸ್ಥೆಗಳ ನೌಕರರು ಮೊದಲು ತಮ್ಮ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಬೇಕು. ಕಾರ್ಡ್ ಇದ್ದೂ ಹೊರಗೆ ಹಣ ಕೊಟ್ಟು ಬರುವ ಹುಡುಗರು ನಮ್ಮಲ್ಲಿ ಬಹಳ.

ಖಾಸಗಿ ಕ್ಲಿನಿಕ್ಕಿಗೆ ಹೋಗುವುದಾದರೆ ಬೋರ್ಡಿನ ಮೇಲೆ ನೋಂದಣಿ ಸಂಖ್ಯೆ ಇದೆಯೇ ನೋಡಿ. ಫಿಸಿಯೋಥೆರಪಿಸ್ಟ್‌ಗಳ ನೋಂದಣಿಗೆ ಮಹಾರಾಷ್ಟ್ರದಲ್ಲಿ ರಾಜ್ಯದ ಪರಿಷತ್ತು ಇದೆ, 2021ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಮಾಲೀಶು ಮಾಡುವವರು, ಯಂತ್ರ ಮಾರುವ ಕಂಪನಿಯ ಹುಡುಗರು ಫಿಸಿಯೋಥೆರಪಿಸ್ಟ್ ಅಲ್ಲ. ಯಂತ್ರ ರೇಡಿಯಲ್ಲೋ ಫೋಕಸ್ಡೋ, ಎಷ್ಟು ಸಿಟ್ಟಿಂಗ್, ಒಂದೊಂದಕ್ಕೆ ದರ ಎಷ್ಟು, ಮೂರರ ನಂತರವೂ ಗುಣ ಕಾಣದಿದ್ದರೆ ಮುಂದೇನು ಎಂದು ಕೇಳಿ, ಹಣವನ್ನು ಸಿಟ್ಟಿಂಗ್ ಸಿಟ್ಟಿಂಗ್‌ಗೆ ಕೊಡಿ. ಹೋಗುವಾಗ ಹಳೆಯ ಎಕ್ಸ್‌ರೇ, ಮಾತ್ರೆಗಳ ಚೀಟಿ, ಇತ್ತೀಚಿನ ಸಕ್ಕರೆಯ ರಿಪೋರ್ಟ್ ಜೊತೆಗಿರಲಿ. ದಿನವೂ ಕೆಲಸಕ್ಕೆ ಹಾಕುವ ಆ ಸವೆದ ಚಪ್ಪಲಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಅದರ ತಳ ಯಾವ ಮಗ್ಗುಲಿಗೆ ಸವೆದಿದೆ ಎಂದು ಅವರು ನೋಡಬೇಕಾಗುತ್ತದೆ.